ಕಿಟಕಿ ಪಕ್ಕದ ಕೊಬ್ಬಿದ ಕುರಿ

ಕಪ್ಪು ಬಟ್ಟೆಗೆ ಕಪ್ಪು ದಾರದಲ್ಲಿ ಗುಂಡಿ ತೂರಿಸುವ ಕಾಜಾ ಹಾಕುವುದೆಂದರೆ ಹುಡುಗಾಟವಲ್ಲ. ಅಂಗಡಿಗಿರುವ ಒಂದೇ ಕಿಟಕಿಯ ಬೆಳಕು ತಲುಪದ, ಇಸ್ತ್ರಿ ಮೇಜಿನ ಹಿಂದಿನ ಕತ್ತಲೆ ಮೂಲೆಯಲ್ಲಿ ಕೂತು ಅದನ್ನು ಮಾಡುತ್ತಿದ್ದವಳು ನನ್ನ ನಾದಿನಿ. ಮೊನ್ನೆ ಒಂದು ಕಾಜಾ ಸೊಟ್ಟಗಾಯಿತು. ನಮ್ಮ ಹೊಲಿಗೆ ಅಂಗಡಿಯ ಯಜಮಾನರಾದ ನನ್ನ ಗಂಡ, ಗಿರಾಕಿಗಳ ಎದುರಿಗೇ "ನಿಂಗೇನು ಕಣ್ಣು ಕಾಣಲ್ವಾ?" ಎಂದು ತಂಗಿಯ ಮೇಲೆ ರೇಗಿದರು. ಅವಳು ಕತ್ತರಿ ಎತ್ತಿಕೊಂಡು ಗೆಳತಿಯ ಮನೆಗೆ ಹೊರಟೇ ಹೋದಳು. ಸೋಮವಾರದಿಂದ ಗಾರ್ಮೆಂಟ್ಸ್ ಕಾರ್ಖಾನೆಗೆ ಸೇರುತ್ತಾಳಂತೆ, ಇನ್ನು ಈ ಹೊಸ್ತಿಲು ತುಳಿಯುವುದಿಲ್ಲವಂತೆ. ಅವತ್ತಿನಿಂದ ಅತ್ತೆಗೆ ಊಟ ಸೇರುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ಪಾದ್ರಿಗಳು ಹೊಸ ನಿಲುವಂಗಿಯ ಅಳತೆ ನೋಡಿಸಲು ಬಂದರು. ನನ್ನ ಗಂಡ ಅವರನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ತೋಳು ಇನ್ನೂ ಜೋಡಿಸದ ಕಪ್ಪು ಅಂಗಿ ತೊಡಿಸಿ, ಸುತ್ತಲೂ ಗುಂಡುಸೂಜಿ ಚುಚ್ಚಿದರು. ಅಲುಗಾಡುವ ಹಾಗಿಲ್ಲ. ಬಾಯಿ ಮಾತ್ರ ಬಿಡುವಾಗಿತ್ತು. ಸುಮ್ಮನಿರುವ ಪೈಕಿಯೇ ಅವರು? ಭಾನುವಾರ ಚರ್ಚಿನಲ್ಲಿ ಹೇಳಬೇಕಿದ್ದ ಪ್ರಸಂಗವನ್ನು ಅಲ್ಲೇ ಶುರುಮಾಡಿದರು.

"ಬೈಬಲ್ಲಿನಲ್ಲಿ ಒಬ್ಬ ಹೀಬ್ರೂ ಪ್ರವಾದಿ ಏನಂತಾನೆ ಗೊತ್ತಾ? ಕುರಿ ಕಾಯೋರು ತಮ್ಮ ಹೊಟ್ಟೆ ನೋಡ್ಕೊಂಡು ಕುರಿಗಳನ್ನ ಕೈಬಿಟ್ರು. ಆಗ ದೇವರು, ನಿಮ್ಮ ಸಹವಾಸವೇ ಸಾಕು, ಕಳೆದುಹೋಗಿದ್ದನ್ನ ನಾನೇ ಹೋಗಿ ಹುಡುಕ್ತೀನಿ, ಗಾಯಕ್ಕೆ ಪಟ್ಟಿ ಕಟ್ತೀನಿ ಅಂದ. ಎಂಥ ಕರುಣೆ!"

ಅತ್ತೆ ದಡಕ್ಕನೆ ಎದ್ದರು. "ದೇವರೇ ಎದ್ದು ಹೋಗಿರೋವಾಗ ನಾನಿಲ್ಲಿ ಏನು ಮಾಡ್ತಾ ಕೂತಿದ್ದೀನಪ್ಪ!" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದವರು, ನಿಲುವಂಗಿಯ ಅಂಚು ಮಡಚಿ ಮುಗಿಯುವುದರೊಳಗೆ ಮಗಳ ಮೊಣಕೈ ಹಿಡಿದು ಕರೆತಂದೇಬಿಟ್ಟರು.

"ಬಂದ್ಯೇನಮ್ಮ! ನೀನಿಲ್ದೆ ಅಂಗಡಿ ಬಿಕೋ ಅಂತಿತ್ತು" ಎಂದು ನನ್ನ ಗಂಡ ಕಣ್ಣೊರೆಸಿಕೊಂಡರು. ನಾದಿನಿ ಹೋಗಿ ಅದೇ ಇಸ್ತ್ರಿ ಮೇಜಿನ ಹಿಂದೆ ಕೂತಳು.

"ಅಮ್ಮ ಅತ್ತಳು ಅಂತ ಬಂದೆ. ಸೋಮವಾರ ಹೋಗೋದು ಹೋಗೋದೇ" ಎಂದು ಕತ್ತಲೆಯೊಳಗಿಂದ ದನಿ ಬಂತು.

"ಪ್ರಸಂಗ ಇನ್ನೂ ಅರ್ಧ ಬಾಕಿ ಇದೆ" ಎಂದರು ಸ್ಟೂಲಿನ ಮೇಲಿಂದ ಪಾದ್ರಿಗಳು. "ಹುಡುಕಿ ತಂದ್ಮೇಲೆ ದೇವರು ಕುರಿ ಕುರಿಗಳ ಮಧ್ಯೆ ನ್ಯಾಯ ತೀರಿಸ್ತಾನೆ. ಕೊಬ್ಬಿದ್ದು ಹೆಗಲು ಕೊಟ್ಟು ಬಡಕಲನ್ನ ಆಚೆ ನೂಕುತ್ತೆ. ತಿಳಿನೀರು ತಾನು ಕುಡಿದು, ಉಳಿದಿದ್ದನ್ನ ಕಾಲಲ್ಲಿ ಕಲಕಿಡುತ್ತೆ. ಅದನ್ನ ಅವನು ಸುಮ್ನೆ ಬಿಡಲ್ಲ."

"ಭೇಷ್! ನನ್ನ ಮನಸ್ಸಲ್ಲಿದ್ದಿದ್ದನ್ನೇ ಹೇಳಿದ್ರಿ" ಎಂದು ನನ್ನ ಗಂಡ ನಿಟ್ಟುಸಿರು ಬಿಟ್ಟರು. "ಈ ಮನೇಲಿ ಬಡಕಲು ಅಂದ್ರೆ ನಾನೊಬ್ಬನೇ."

ತನ್ನ ಮೈಯಿಂದಲೇ ಮುಕ್ಕಾಲು ಕಿಟಕಿ ಮುಚ್ಚಿಕೊಂಡು ಕೂರುವ ಆಸಾಮಿ ಆಡುವ ಮಾತೇ ಇದು! ನನಗೆ ಮೈಯೆಲ್ಲ ಉರಿಯಿತು.

"ರೀ, ನಿಮ್ಮ ಸೊಂಟಕ್ಕೆ ಅಂಗಡಿ ಟೇಪೇ ಸಾಲಲ್ಲ. ಬಡಕಲಂತೆ, ಬಡಕಲು!"

"ಜಗಳ ಯಾಕೆ?" ಎಂದರು ಅತ್ತೆ, ಮಗನ ಕಡೆ ತಿರುಗಿ. "ಅವಳ ಜಾಗದಲ್ಲಿ ಕೂತು ಒಂದೇ ಒಂದು ಕಾಜಾ ಹಾಕಿ ತೋರಿಸೋ."

"ಅದೇನ್ ಮಹಾ!" ನಿಲುವಂಗಿಯ ಬಿಡಿ ತೋಳನ್ನು ತೊಡೆಯ ಮೇಲೆ ಹರಡಿಕೊಂಡು, ತಂಗಿಯನ್ನು ಎಬ್ಬಿಸಿ ಅವರು ಮೂಲೆಯಲ್ಲಿ ಕೂತರು. ಸೂಜಿಗೆ ದಾರ ಪೋಣಿಸಲು ಪಟ್ಟ ಪಾಡು ಯಾರಿಗೂ ಬೇಡ. ಕೊನೆಗೆ "ನೋಡ್ಕೊಳ್ಳಿ!" ಎಂದು ಜಂಬದಿಂದ ಎದ್ದರೆ, ಪಾದ್ರಿಗಳ ತೋಳೂ ಜೊತೆಗೇ ಎದ್ದಿತು. ಕಪ್ಪು ತೋಳನ್ನು ತಮ್ಮ ಕಪ್ಪು ಪ್ಯಾಂಟಿಗೇ ಸೇರಿಸಿ ಹೊಲಿದುಬಿಟ್ಟಿದ್ದರು!

ಪಾದ್ರಿಗಳು ನಕ್ಕಾಗಲೆಲ್ಲ ಗುಂಡುಸೂಜಿ ಚುಚ್ಚಿ, "ಹಹ್ಹಾ, ಅಯ್ಯೋ, ಹಹ್ಹಾ, ಅಯ್ಯಯ್ಯೋ" ಎಂದು ಒದ್ದಾಡಿದರು. ನಾನಂತೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಕೊಬ್ಬಿದ ಕುರಿ ಸಿಕ್ಕಿಬಿತ್ತಲ್ಲ!

"ನೀನೂ ಏಳಮ್ಮ" ಎಂದರು ಅತ್ತೆ ನನಗೆ.

"ನಾನಾ? ನಾನೇನು ಮಾಡಿದೆ?"

"ಮಿಕ್ಕ ಕಾಲು ಕಿಟಕಿ ಮುಚ್ಚಿರೋದು ಯಾರು? ಬೀದಿ ನೋಡ್ತಾ ಕೂರೋದಕ್ಕೆ ಅಷ್ಟು ಬೆಳಕು ಬೇಕಾ? ಏಳು. ನಿಮ್ಮಿಬ್ಬರನ್ನೂ ಅಲ್ಲಿ ಮೇಯೋಕೆ ಬಿಟ್ಟವಳು ನಾನು. ನನ್ನನ್ನ ದೇವರು ಬೇರೆ ವಿಚಾರಿಸ್ಕೊಳ್ತಾನೆ."

ಮುಖ ಊದಿಸಿಕೊಂಡೇ ಎದ್ದೆ. ನಾದಿನಿ ಹಿಂಜರಿಯುತ್ತ ಬಂದು ಕಿಟಕಿಯ ಪಕ್ಕ ಕೂತಳು. "ಇಲ್ಲಿ ಬಾ ಅಣ್ಣ, ಆ ತೋಳು ಬಿಡಿಸ್ತೀನಿ" ಎಂದು ಅಣ್ಣನನ್ನು ಎದುರಿಗೆ ನಿಲ್ಲಿಸಿಕೊಂಡು ಹೊಲಿಗೆ ಬಿಚ್ಚತೊಡಗಿದಳು. ಅರ್ಧಕ್ಕೆ ನಿಲ್ಲಿಸಿ, ತನ್ನ ಬೆರಳುಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ಅತ್ತಿಗೆ, ಇಲ್ಲಿ ದಿನಾ ಇಷ್ಟು ಬೆಳಕಿರುತ್ತಾ?"

ಬೀದಿಗೆಲ್ಲ ಬಾಯಿ ಜೋರಿನವಳು ನಾನು. ಮೆತ್ತಗೆ "ಹೂಂ" ಎಂದು, ಇಸ್ತ್ರಿ ಮೇಜಿನ ಹಿಂದಿನ ಅವಳ ಜಾಗಕ್ಕೆ ಹೋಗಿ ಕೂತೆ.