ಚಕ್ರದ ಮನೆಗೆ ಹಾಲು ಉಕ್ಕಿಸಿದ್ದು

ನನ್ನ ಮೈದುನ ಶೇಖರ ಒಂದು ಮನೆಯನ್ನೇ ಓಡಿಸಿಕೊಂಡು ನಮ್ಮ ಚಾಳಿನ ಬಾಗಿಲಿಗೆ ಬಂದಾಗ ನಾನು ಕಕ್ಕಸಿನ ಸಾಲಿನಲ್ಲಿ ಡಬ್ಬ ಹಿಡಿದು ನಿಂತಿದ್ದೆ. ನನ್ನ ಮುಂದೆ ಇನ್ನೂ ಮೂರು ಜನ ಇದ್ದರು. ಹೊಟ್ಟೆಕಿಚ್ಚು ಹುಟ್ಟುವುದಕ್ಕೆ ಕುರ್ಲಾದಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಇರಲಿಕ್ಕಿಲ್ಲ.

ಎಪ್ಪತ್ತನಾಲ್ಕನೆಯ ಇಸವಿಯ ಜನವರಿಯ ಒಂದು ಭಾನುವಾರ ಅದು. ಹೊರಗಿನಿಂದ ನೋಡಿದರೆ ಬಿಳಿ-ನೀಲಿ ಬಣ್ಣದ ಒಂದು ವ್ಯಾನು, ಅಷ್ಟೇ. ಪಕ್ಕದ ಬಾಗಿಲು ಸರಿಸಿದರೆ ಒಳಗೆ ಇಬ್ಬರು ಮಲಗುವ ಮಂಚ, ಬಟ್ಟೆಯ ಕಪಾಟು, ಒಲೆ ಇಡುವ ಕಟ್ಟೆ, ಬೋಗುಣಿಯಷ್ಟು ದೊಡ್ಡ ಸಿಂಕು, ಅದಕ್ಕೊಂದು ನಲ್ಲಿ. ಕಿಟಕಿಗಳಿಗೆ ಹೂವಿನ ಪರದೆ. ಯಾರೋ ಹಿಪ್ಪಿ ಗಂಡಹೆಂಡಿರು ತಮ್ಮ ದೇಶದಿಂದ ಅದರಲ್ಲೇ ಉಂಡು ಮಲಗಿ ಇಲ್ಲಿಯವರೆಗೆ ಬಂದವರು, ವಾಪಸು ವಿಮಾನದಲ್ಲಿ ಹೋಗುತ್ತೇವೆಂದು ನಮ್ಮ ಕುರ್ಲಾದ ಒಬ್ಬ ಗ್ಯಾರೇಜಿನವನಿಗೆ ಮಾರಿ ಹೋಗಿದ್ದರು. ಅವನು ಅದನ್ನು ಶೇಖರನ ತಲೆಗೆ ಕಟ್ಟಲು ನೋಡುತ್ತಿದ್ದ.

"ಇದೆಂತ ಮಾರಾಯ?" ಎಂದರು ನನ್ನ ಗಂಡ ರಾಮನಾಥ, ಬನಿಯನ್ನಿನಲ್ಲೇ ಹೊರಗೆ ಬಂದು.

"ಮನೆ ಅಣ್ಣ. ಇವತ್ತು ಬಾಡಿಗೆಗೆ ತಂದದ್ದು. ಒಂದು ರಾತ್ರಿ ಮಲಗಿ ನೋಡುದು, ಸರಿ ಉಂಟು ಅಂತ ಕಂಡ್ರೆ ತಗೊಳ್ಳುದು. ನೀವಿಬ್ರೂ ಹೊರಡಿ. ಅಕ್ಸಾ ಬೀಚಿಗೆ ಹೋಗುವ."

ಶೇಖರ ಮುಂಬಯಿಗೆ ಬಂದದ್ದೇ ನನ್ನ ಗಂಡನ ಬೆನ್ನು ಹಿಡಿದು. ನಮ್ಮ ನಾಲ್ಕು ಮೇಜಿನ ಹೋಟೆಲಿನಲ್ಲಿ ಲೋಟ ತೊಳೆದವನು. ಈಗ ಅವನಿಗೆ ಚೆಂಬೂರಿನಲ್ಲಿ ಫ್ಯಾಮಿಲಿ ರೂಮ್ ಇರುವ ಹೋಟೆಲು, ಬಿಲ್ಡಿಂಗಿನಲ್ಲಿ ಫ್ಲ್ಯಾಟು, ಫ್ಲ್ಯಾಟಿನ ಒಳಗೇ ಕಕ್ಕಸು. ಅವನ ಹೆಂಡತಿ ಸೇವಂತಿ ಮೊದಲ ಸಲ ಅದನ್ನು ಬಾಗಿಲು ತೆಗೆದು ತೋರಿಸಿದಾಗ ನಾನು "ಟೈಲ್ಸ್ ಚೆನ್ನಾಗಿ ಉಂಟು" ಎಂದಷ್ಟೇ ಹೇಳಿ ಮನೆಗೆ ಬಂದೆ. ಬಂದವಳು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ನನ್ನದು ಹಾಗೆ, ಬಾಯಿಯಲ್ಲಿ, ಕೈಯಲ್ಲಿ ಹೊರಗೆ ಹೋಗಿಬಿಡುತ್ತದೆ. ನನ್ನ ಗಂಡ ತಮ್ಮನ ಬೆನ್ನು ತಟ್ಟಿ, ನಗುತ್ತಾ ಊಟ ಮಾಡಿ ಬಂದರು. ಅವರ ಹೊಟ್ಟೆಯ ಬೆಂಕಿ ಹೊಗೆ ಕೂಡ ಬಿಡುತ್ತಿರಲಿಲ್ಲ.

ಅವರಿಗೆ ಇದ್ದದ್ದು ಒಂದೇ ಹೆಮ್ಮೆ. ನಮ್ಮ ಹೋಟೆಲಿನವರಲ್ಲಿ ಹೊಸ ಹೋಟೆಲು ತೆರೆಯುವಾಗ ಮೊದಲ ಒಲೆಯನ್ನು ಕೈಗುಣ ಇರುವವರಿಂದ ಹಚ್ಚಿಸಿ ಹಾಲು ಉಕ್ಕಿಸುವ ಕ್ರಮ. ಹಾಲು ಉಕ್ಕಿ ಹೊರಗೆ ಚೆಲ್ಲಿದಂತೆ ವ್ಯಾಪಾರವೂ ಉಕ್ಕಬೇಕು. ಇವರು ಹಚ್ಚಿದ ಒಲೆ ಘಾಟ್ಕೋಪರದಿಂದ ಮುಲುಂಡಿನವರೆಗೆ ಎಲ್ಲಿಯೂ ಆರಿಲ್ಲ ಎಂದು ಪ್ರತೀತಿ. ಚೆಂಬೂರಿನಲ್ಲಿ ಶೇಖರನ ಒಲೆಯನ್ನು ಹಚ್ಚಿದ್ದೂ ಇವರೇ. ನಮ್ಮ ಹೋಟೆಲಿನ ಒಲೆಯನ್ನು ದಿನಾ ಬೆಳಿಗ್ಗೆ ಹಚ್ಚುವುದೂ ಅದೇ ಕೈ, ಆದರೆ ನಮ್ಮ ನಾಲ್ಕು ಮೇಜು ಐದಾಗಲಿಲ್ಲ. "ನಿಮ್ಮ ಕೈಗುಣ ಊರಿನವರಿಗೆಲ್ಲ ಆಗ್ತದೆ, ನಮಗೆ ಮಾತ್ರ ಆಗುದಿಲ್ಲ" ಎಂದು ನಾನು ಚುಚ್ಚುತ್ತಿದ್ದೆ. ಅವರು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಒಲೆ ಹಚ್ಚುವ ದಿನ ಅವರಿಗೆ ಮುಂದಿನ ಕುರ್ಚಿ, ಹೆಗಲಿಗೆ ಶಾಲು, ಮೊದಲ ಲೋಟ ಕಾಫಿ. ಆ ಹೊತ್ತು ಶೇಖರ ಕೂಡ ಹಿಂದೆ ನಿಲ್ಲಬೇಕು. ವಿಕ್ರೋಳಿಯಲ್ಲಿ ಧರ್ಮಣ್ಣ ದೊಡ್ಡ ಹೋಟೆಲು ತೆರೆಯುವವನಿದ್ದ. ಆಗಲೇ ವೀಳ್ಯ ಕೊಟ್ಟು ಇವರನ್ನು ಕರೆದು ಹೋಗಿದ್ದ.

ಸೇವಂತಿ ವ್ಯಾನಿನಿಂದ ಇಳಿದು ನನ್ನ ಕೈ ಹಿಡಿದಳು. "ಅಕ್ಕ, ಹೋಟೆಲಿಂದ ಲಿಂಬೆಹಣ್ಣು ತನ್ನಿ. ಹಾಲು ನಾನು ತಂದಿದ್ದೇನೆ. ಗಾಡಿ ಅಂದ್ಮೇಲೆ ಲಿಂಬೆ ಬೇಕು, ಮನೆ ಅಂದ್ಮೇಲೆ ಹಾಲು ಬೇಕು. ಇದು ಎರಡೂ ಹೌದಲ್ಲ."

"ಬಾಡಿಗೆಯ ಗಾಡಿಗೆ ಇದೆಲ್ಲ ಎಂತಕ್ಕೆ?" ಎಂದೆ.

ಉತ್ತರ ಕೊಟ್ಟವನು ಶೇಖರ. "ಪರೀಕ್ಷೆಯೇ ಅದು ಅತ್ತಿಗೆ. ಎಂಜಿನು ಮೆಕ್ಯಾನಿಕ್ ನೋಡಿ ಆಯ್ತು. ಇನ್ನು ಅಣ್ಣನ ಕೈ ನೋಡ್ಬೇಕು. ಅಣ್ಣ ಹಚ್ಚಿ ಹಾಲು ಉಕ್ಕಿದ್ರೆ ನಾಳೆಯೇ ತಗೊಳ್ಳುದು. ಉಕ್ಕದಿದ್ರೆ ಗಾಡಿ ವಾಪಸು ಗ್ಯಾರೇಜಿಗೆ."

ಚಾಳಿನ ಜನವೆಲ್ಲ ನೋಡುತ್ತಿರುವಾಗ ನಾಲ್ಕು ಚಕ್ರಕ್ಕೂ ಲಿಂಬೆ ಇಟ್ಟು ಗಾಡಿ ಹೊರಡಿಸಿದ್ದಾಯಿತು. ಉಳಿದ ಒಂದು ಲಿಂಬೆಹಣ್ಣನ್ನು ಸೇವಂತಿ ಬುಟ್ಟಿಗೆ ಹಾಕಿಕೊಂಡಳು.

ದಾರಿಯುದ್ದಕ್ಕೂ ಅವಳ ಬಾಯಿ ಮುಚ್ಚಲಿಲ್ಲ. ಮೇ ತಿಂಗಳಲ್ಲಿ ಇದರಲ್ಲೇ ಊರಿಗೆ ಹೋಗುವುದು. ಹಸಿವಾದಲ್ಲಿ ನಿಲ್ಲಿಸಿ ಗಂಜಿ ಬೇಯಿಸುವುದು, ನಿದ್ದೆ ಬಂದಲ್ಲಿ ಮಲಗುವುದು. "ನೀವೂ ಬನ್ನಿ ಅಕ್ಕ. ಹಿಂದೆ ಬೇಕಾದಷ್ಟು ಜಾಗ ಉಂಟು." ಹಿಂದೆ ಜಾಗ ಇರುವುದು ನನಗೂ ಕಾಣುತ್ತಿತ್ತು, ನಾನು ಅಲ್ಲಿಯೇ ಕೂತಿದ್ದೆ. ನಾವು ಊರಿಗೆ ಹೋಗುವುದು ಬಸ್ಸಿನಲ್ಲಿ, ಸೆರಗಿನ ತುದಿಯನ್ನು ಮೂಗಿಗೆ ಒತ್ತಿಕೊಂಡು, ಪಕ್ಕದವರ ಮೇಲೆ ವಾಂತಿ ಆಗದಿರಲಿ ಎಂದು ದೇವರನ್ನು ಬೇಡುತ್ತಾ. ನನ್ನ ಗಂಡ ಹೂವಿನ ಪರದೆಯನ್ನು ಬೆರಳಿನಿಂದ ಒರೆಸುತ್ತಾ ಕುಳಿತಿದ್ದರು. ಅಂಧೇರಿ ದಾಟಿದ ಮೇಲೆ ನನ್ನ ಕಿವಿಯ ಹತ್ತಿರ ಬಾಗಿದರು.

"ಇದು ಅಮ್ಮನ ಅಂಗಳದಲ್ಲಿ ಹೋಗಿ ನಿಂತ್ರೆ, ಮತ್ತೆ ದೊಡ್ಡ ಮಗ ಅಂತ ನನ್ನನ್ನು ಯಾರು ಕೇಳ್ತಾರೆ?"

ಮದುವೆಯಾದ ಮೇಲೆ ಅವರ ಬಾಯಿಯಿಂದ ಅಂಥ ಮಾತು ಬಂದದ್ದು ಅದೇ ಮೊದಲು. ನನಗೆ ಒಳಗೊಳಗೆ ಸಮಾಧಾನವೇ ಆಯಿತು. ಇಷ್ಟು ವರ್ಷ ನಾನೊಬ್ಬಳೇ ಉರಿಯುತ್ತಿದ್ದೇನೆ ಎಂದುಕೊಂಡಿದ್ದೆ.

ಅಕ್ಸಾದಲ್ಲಿ ಗಾಳಿಮರಗಳ ನೆರಳಿಗೆ ಗಾಡಿ ನಿಲ್ಲಿಸಿದೆವು. ಸೆಖೆ. ಸೇವಂತಿ ಲಿಂಬೆಹಣ್ಣನ್ನು ಕೊಯ್ದು ಅರ್ಧದಲ್ಲಿ ನಾಲ್ಕು ಲೋಟ ಶರಬತ್ತು ಮಾಡಿದಳು, ಉಳಿದರ್ಧವನ್ನು ಒಲೆಯ ಪಕ್ಕ ಇಟ್ಟಳು. ಅವರೆಲ್ಲ ನೀರಿನ ಕಡೆ ಹೋದಾಗ ನಾನು ಆ ಮಂಚದ ಮೇಲೆ ಮಲಗಿ ನೋಡಿದೆ. ನಲ್ಲಿ ಒತ್ತಿದೆ. ನೀರು ಬಂತು. ಮತ್ತೆ ಒತ್ತಿದೆ, ಮತ್ತೆ ಬಂತು. ಸಾಲಿಲ್ಲ, ಜಗಳವಿಲ್ಲ, ಕೊಡ ಇಟ್ಟು ಕಾಯುವುದಿಲ್ಲ. ಫ್ಲ್ಯಾಟಿನಲ್ಲಿ ಎರಡು ನಲ್ಲಿ ಇರುವವಳಿಗೆ ಇದು ಮೂರನೆಯದು ಎಂದು ನೆನೆದು ಎದ್ದು ಹೊರಗೆ ಬಂದೆ.

ಹೊತ್ತು ಇಳಿಯುವ ಮೊದಲು ಹಾಲಿನ ಶಾಸ್ತ್ರ. ಸೇವಂತಿ ಅದೇ ಬೆಳಿಗ್ಗೆ ತಂದ ಆರೆ ಡೇರಿಯ ಹಾಲಿನ ಬಾಟಲಿಯ ಮುಚ್ಚಳ ತೆಗೆದು ಅರ್ಧ ಹಾಲನ್ನು ಹೊಸ ಪಾತ್ರೆಗೆ ಹೊಯ್ದಳು. ಹಿಪ್ಪಿಗಳ ಗ್ಯಾಸು ಖಾಲಿಯಾಗಿದ್ದರಿಂದ ಕಟ್ಟೆಯ ಮೇಲೆ ಮನೆಯಿಂದ ತಂದ ಸೀಮೆಎಣ್ಣೆಯ ಪಂಪ್ ಸ್ಟೋವನ್ನೇ ಇಟ್ಟಿದ್ದರು. ಒಳಗೆ ಒಬ್ಬರಿಗಷ್ಟೇ ನಿಲ್ಲಲು ಜಾಗ, ಅದೂ ತಲೆ ತಗ್ಗಿಸಿ. ನನ್ನ ಗಂಡ ಕಾಲು ತೊಳೆದು ಒಳಗೆ ಹೋದರು. ನಾವು ಮೂವರು ಹೊರಗೆ ಮರಳಿನಲ್ಲಿ ಕೈ ಮುಗಿದು ನಿಂತೆವು. ಕಾಣುತ್ತಿದ್ದದ್ದು ಅವರ ಬಾಗಿದ ಬೆನ್ನು ಮಾತ್ರ. ಸ್ಟೋವು ಭರ್ರೆಂದು ಹೊತ್ತಿಕೊಂಡಿತು. ಶೇಖರ ಕಣ್ಣು ಮುಚ್ಚಿ ಏನೋ ಬೇಡಿಕೊಳ್ಳುತ್ತಿದ್ದ. ನಾನೂ ಬೇಡಿಕೊಂಡೆ, ಉಕ್ಕದಿರಲಿ ಎಂದು.

ಬೆನ್ನು ಒಮ್ಮೆ ಅಲುಗಿತು. ಸ್ವಲ್ಪ ಹೊತ್ತಿನ ಮೇಲೆ ಅವರು ತಿರುಗದೆ ಹೇಳಿದರು.

"ಹಾಲು ಒಡೆಯಿತು."

ಸೇವಂತಿ ಬಾಯಿಗೆ ಸೆರಗು ಒತ್ತಿಕೊಂಡಳು. ಉಕ್ಕದಿರುವುದು ಬೇರೆ, ಒಡೆಯುವುದು ಬೇರೆ. ಹೊಸ ಮನೆಯಲ್ಲಿ ಹಾಲು ಒಡೆದದ್ದನ್ನು ನಾನು ಕೇಳಿರಲೂ ಇಲ್ಲ. ಶೇಖರ ಪಾತ್ರೆಯನ್ನು ತೆಗೆದುಕೊಂಡು ಹೋಗಿ ಗಾಳಿಮರದ ಬುಡದಲ್ಲಿ ಚೆಲ್ಲಿದ. ಅಲ್ಲಿಯೇ ಕುಕ್ಕರುಗಾಲಿನಲ್ಲಿ ಕುಳಿತ, ಏಳಲು ತಡಮಾಡಿದ. ಪಾಪ, ಅಳುತ್ತಿದ್ದಾನೆಂದು ನಾನು ತಿಳಿದೆ. ಸೇವಂತಿ ಬಾಟಲಿಯಲ್ಲಿ ಉಳಿದ ಹಾಲಿನಿಂದ ಚಹಾ ಮಾಡಿದಳು. ಅದು ಒಡೆಯಲಿಲ್ಲ. ರಾತ್ರಿ ಯಾರೂ ಅಲ್ಲಿ ಮಲಗುವ ಮಾತೆತ್ತಲಿಲ್ಲ, ಹಾಗೆಯೇ ಹಿಂದೆ ಬಂದೆವು. ಗಾಡಿ ಗ್ಯಾರೇಜಿಗೆ ಹೋಯಿತು.

ಮರುದಿನ ನಾನು ಬಂಗುಡೆ ಮೀನು ತಂದು ಇವರಿಗೆ ಇಷ್ಟವಾದಂತೆ ಗಸಿ ಮಾಡಿದೆ. ಮನಸ್ಸು ಹಗುರವಾಗಿತ್ತು, ಸುಳ್ಳು ಯಾಕೆ ಹೇಳಲಿ. ಬಟ್ಟೆ ಒಗೆಯಲು ನಲ್ಲಿಯ ಹತ್ತಿರ ಕುಳಿತು ಇವರ ಪ್ಯಾಂಟಿನ ಕಿಸೆ ತಿರುವಿದಾಗ ಹಿಂಡಿದ ಲಿಂಬೆಯ ಸಿಪ್ಪೆ ಕೈಗೆ ಬಂತು. ನನಗೆ ನಗು ಬಂತು. ಇಷ್ಟು ವರ್ಷ ನನ್ನ ಬಾಯಿಗೆ ಬುದ್ಧಿ ಹೇಳುತ್ತಿದ್ದ ಮನುಷ್ಯ ಇವರು. ಸಿಪ್ಪೆಯನ್ನು ಗಟಾರಕ್ಕೆ ಎಸೆದು ನೀರು ಬಿಟ್ಟೆ. ಮನೆಯಲ್ಲಿ ಆ ಮಾತು ಎತ್ತಲಿಲ್ಲ.

ಸೇವಂತಿಯ ಬಾಯಿ ಮಾತ್ರ ಸುಮ್ಮನಿರಲಿಲ್ಲ. ಚೆಂಬೂರಿನ ಭಜನೆಯಲ್ಲಿ ಒಬ್ಬಳಿಗೆ ಹೇಳಿದರೆ ಸಾಕು, ಅದು ಮುಲುಂಡಿಗೆ ಲೋಕಲ್ ರೈಲಿಗಿಂತ ಮೊದಲು ತಲುಪುತ್ತದೆ. ವಾರ ಕಳೆಯುವಷ್ಟರಲ್ಲಿ ಧರ್ಮಣ್ಣ ನಮ್ಮ ಹೋಟೆಲಿಗೆ ಬಂದ. ನಾನು ಒಳಗೆ ಪರದೆಯ ಹಿಂದೆ ಕಾಯಿ ತುರಿಯುತ್ತಿದ್ದೆ.

"ರಾಮನಾಥಣ್ಣ, ನೀವು ಬರ್ಲೇಬೇಕು. ಮುಂದಿನ ಕುರ್ಚಿ ನಿಮ್ಮದೇ. ಒಲೆ ಮಾತ್ರ..." ಅವನು ಲೋಟದೊಳಗೆ ನೋಡುತ್ತಾ ಹೇಳಿದ. "ನನಗೆ ಅದೆಲ್ಲ ಇಲ್ಲ ಮಾರಾಯ್ರೆ. ಮನೆಯವಳು ಕೇಳುದಿಲ್ಲ. ನಿಮ್ಮ ಕೈಯಲ್ಲಿ ಹಾಲು ಒಡೆಯಿತಂತಲ್ಲ."

"ಹಾಲು ಸರಿ ಇರ್ಲಿಲ್ಲ ಧರ್ಮಣ್ಣ."

"ಅದೇ ಬಾಟಲಿಯ ಹಾಲಲ್ಲಿ ನೀವೆಲ್ಲ ಚಾ ಕುಡಿದಿರಂತೆ."

ನನ್ನ ಕೈ ನಿಂತಿತು. ಲಿಂಬೆ ಎಂದು ಒಂದು ಮಾತು ಹೇಳಿದರೆ ಸಾಕು, ಕೈಯ ಮೇಲಿನ ಕಳಂಕ ಹೋಗುತ್ತಿತ್ತು. ಆದರೆ ಹಿಂಡಿದ್ದು ಯಾರೆಂದು ಧರ್ಮಣ್ಣ ಕೇಳದೆ ಬಿಡುವವನಲ್ಲ. ಇವರು "ಆಯ್ತು. ಯಾರು ಹಚ್ಚುದು?" ಎಂದಷ್ಟೇ ಕೇಳಿದರು.

"ಶೇಖರನನ್ನು ಕೇಳ್ಬೇಕು ಅಂತ ಉಂಟು. ಅವನು ಮುಟ್ಟಿದ್ದೆಲ್ಲ ಏರ್ತಾ ಉಂಟಲ್ಲ."

ಮರುದಿನ ಮಧ್ಯಾಹ್ನ ಗಿರಾಕಿಗಳು ಇಲ್ಲದ ಹೊತ್ತಿನಲ್ಲಿ ಶೇಖರ ಬಂದ. ಗಲ್ಲಾದ ಹತ್ತಿರ ನಿಂತುಕೊಂಡೇ ಮಾತಾಡಿದ. ಪರದೆಯ ಹಿಂದೆ ನಾನಿರುವುದು ಅವನಿಗೆ ಗೊತ್ತಿತ್ತೋ ಇಲ್ಲವೋ.

"ಅಣ್ಣ, ಧರ್ಮಣ್ಣ ಬಂದಿದ್ದ. ನಾನು ಇನ್ನೂ ಒಪ್ಲಿಲ್ಲ." ಬಾಗಿಲ ಕಡೆ ಒಮ್ಮೆ ನೋಡಿದ. "ಹಾಲು ಮರಳಿಗೆ ಚೆಲ್ಲಿದಾಗ ಲಿಂಬೆ ಬೀಜ ಕಂಡಿತ್ತು. ನಾನು ಮರಳು ಮುಚ್ಚಿದೆ. ಸೇವಂತಿಗೂ ಹೇಳ್ಲಿಲ್ಲ."

ನನ್ನ ಗಂಡ ಮೇಜು ಒರೆಸುತ್ತಿದ್ದರು. ಒರೆಸಿದ ಜಾಗವನ್ನೇ ಒರೆಸಿದರು.

"ಈಗ ಬೇಕಾದ್ರೆ ಧರ್ಮಣ್ಣನ ಹತ್ತಿರ ನಾನು ಹೇಳ್ತೇನೆ. ಲಿಂಬೆ ಬಿದ್ದದ್ದು, ಅಣ್ಣನ ಕೈಗೆ ಏನೂ ಆಗ್ಲಿಲ್ಲ ಅಂತ. ಹೇಳಲಾ?"

"ಬೇಡ."

"ಜನ ನಿಮ್ಮ ಕೈಗೆ ಕೆಟ್ಟ ಹೆಸರು ಇಡ್ತಾರೆ ಅಣ್ಣ."

"ಇಡಲಿ. ಕೈ ಕೆಟ್ಟದ್ದು ಅಂತಲೇ ಇರ್ಲಿ." ಅವರ ಸ್ವರ ಕೇಳಿಸದಷ್ಟು ಸಣ್ಣದಾಯಿತು. "ನೀನು ಹಚ್ಚು. ಗಾಡಿಯನ್ನೂ ತಗೊ."

"ಗಾಡಿ ಬೇಡ. ನಿಮಗೆ ಅಷ್ಟು ಸಂಕಟ ಕೊಡುವ ಗಾಡಿ ನನಗೆಂತಕ್ಕೆ?"

ಅಷ್ಟು ಹೇಳಿ ಅವನು ಅಣ್ಣನ ಕೈಯಿಂದ ಬಟ್ಟೆ ತೆಗೆದುಕೊಂಡು ಉಳಿದ ಮೂರು ಮೇಜುಗಳನ್ನು ತಾನೇ ಒರೆಸಿ ಹೋದ, ಹಿಂದೆ ನಮ್ಮಲ್ಲಿ ಇದ್ದಾಗ ಒರೆಸುತ್ತಿದ್ದ ಹಾಗೆಯೇ. ಬೇರೆ ಯಾರಾದರೂ ಆಗಿದ್ದರೆ ಕಣ್ಣೀರು ತಂದುಕೊಳ್ಳುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ಹೋಟೆಲು ಅವನದು, ಫ್ಲ್ಯಾಟು ಅವನದು, ಈಗ ಒಳ್ಳೆಯತನವೂ ಅವನದೇ. ಒಂದು ಬೈಗುಳವನ್ನಾದರೂ ಬಿಟ್ಟು ಹೋಗಿದ್ದರೆ ನಾವು ಅದನ್ನು ಹಿಡಿದುಕೊಂಡು ನಾಲ್ಕು ದಿನ ಸುಖವಾಗಿ ಇರುತ್ತಿದ್ದೆವು.

ವಿಕ್ರೋಳಿಗೆ ಇಬ್ಬರೂ ಹೋದೆವು. ಶೇಖರ ಒಲೆ ಹಚ್ಚಿದ, ಹಾಲು ಉಕ್ಕಿ ನಾಲ್ಕೂ ಕಡೆಗೆ ಚೆಲ್ಲಿತು. ಜನ ಚಪ್ಪಾಳೆ ತಟ್ಟಿದರು. ಶಾಲು ಅವನ ಹೆಗಲಿಗೆ ಬಿತ್ತು. ಮುಂದಿನ ಕುರ್ಚಿಯಲ್ಲಿ ಕುಳಿತಿದ್ದ ನನ್ನ ಗಂಡ ಎರಡು ಕೈಗಳನ್ನೂ ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡಿದ್ದರು. ಸೇವಂತಿ ನನಗೆ ಒರಗಿ ನಿಂತು, "ಭಾವನಿಗೆ ಬೇಜಾರಾಯ್ತಾ ಅಕ್ಕ?" ಎಂದಳು. ಅವಳ ಮೈಮೇಲಿನ ಹೊಸ ಸೀರೆ ನೋಡಿಕೊಂಡು, ಇಲ್ಲ ಎಂದೆ.

ಮರುದಿನ ಬೆಳಿಗ್ಗೆ ನಮ್ಮ ಹೋಟೆಲಿನಲ್ಲಿ ಅಡಿಗೆ ಮಾಡುವ ಐತ ಸ್ಟೋವಿಗೆ ಎಣ್ಣೆ ತುಂಬಿಸಿ, ದಿನದಂತೆ ಬೆಂಕಿಪೆಟ್ಟಿಗೆಯನ್ನು ಇವರ ಮುಂದೆ ಹಿಡಿದ. ಇವರು ಕೈ ಚಾಚಿದವರು ಅಲ್ಲಿಯೇ ನಿಲ್ಲಿಸಿದರು. ಹಾಲು ಒಡೆದದ್ದು ಲಿಂಬೆಯಿಂದ ಎಂದು ಪ್ರಪಂಚದಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವರು ಇವರೇ.

"ಇನ್ನು ಮೇಲೆ ನೀನೇ ಹಚ್ಚು ಐತ" ಎಂದು ಹೇಳಿ ಗಲ್ಲಾದ ಹಿಂದೆ ಹೋಗಿ ಕುಳಿತರು.