ಸೊಸೆಯ ಒದೆ

ನವನಗರದ ಮೈದಾನದಲ್ಲಿ ಅರವತ್ತು ದಾಟಿದ ಹೆಂಗಸರಿಗೆ ರವಿವಾರ ನಡಿಗೆಯ ಸ್ಪರ್ಧೆ. ಹೋದ ವರ್ಷ ಎದುರು ಮನೆಯ ಜಯಾ ನನ್ನನ್ನು ಸೋಲಿಸಿ, ಗೆದ್ದ ಕಪ್ಪನ್ನು ಬಂದವರಿಗೆಲ್ಲ ತೋರಿಸಿ ನನ್ನ ಹೊಟ್ಟೆ ಉರಿಸಿದ್ದಳು. ಈ ಸಲ ಈ ದಾನವ್ವ ಬಿಡುವವಳಲ್ಲ ಎಂದು ವಾರ ಮೊದಲೇ ಓಣಿಯ ತುಂಬ ಸಾರಿದ್ದೆ. ಸಾರಿ ಮನೆಗೆ ಬಂದು ನೀರಿನ ಕೊಡ ಎತ್ತಿದೆ ನೋಡಿ, ಟೊಂಕ ಹಿಡಿದುಕೊಂಡಿತು! ಕೊಡ ಅಲ್ಲೇ, ನಾನೂ ಅಲ್ಲೇ.

ಸೊಸೆ ರಜನಿ ಓಡಿ ಬಂದಳು. ಅವಳು ಫಿಜಿಯೋಥೆರಪಿ ಓದಿದವಳು. ಅಲ್ಲಿ ಇಲ್ಲಿ ಒತ್ತಿ ನೋಡಿ, "ಅಂಜೂದೇನಿಲ್ರಿ ಅತ್ತಿ, ಸ್ನಾಯು ಬಿಗದೈತಿ. ನಾ ತೋರಿಸೋ ವ್ಯಾಯಾಮ ನೀವ ಮಾಡಿದ್ರ ನೀವ ಆರಾಮ ಆಗ್ತೀರಿ" ಎಂದಳು.

ಹಿತ್ತಲ ಗಿಡ ಮದ್ದಲ್ಲ. ಇವಳಂತೂ ಹಿತ್ತಲಲ್ಲೂ ಅಲ್ಲ, ನನ್ನ ಅಡುಗೆಮನೆಯಲ್ಲೇ ಇದ್ದಳು. ಸಿಟ್ಟು ಬಂತು.

"ಟೊಂಕ ಹಿಡದಾಕೀನ ಕಸರತ್ತು ಮಾಡೂದಾದ್ರ ನೀ ಯಾಕ ಓದಿದಿ? ನಮ್ಮೂರು ಮುಗದದಾಗ ದುರಗವ್ವ ಅಂತ ಇದ್ಲು, ಕಾಲು ಮುಂದ ಮಾಡಿ ಹುಟ್ಟಿದಾಕಿ. ಒಮ್ಮೆ ಒದ್ಲಂದ್ರ ಎಂಥಾ ಟೊಂಕಾನೂ ನೆಟ್ಟಗ! ಅಂಥಾವ್ರನ್ನ ಹುಡುಕು."

ತಲೆಯ ಬದಲು ಕಾಲು ಮೊದಲಾಗಿ ಭೂಮಿಗೆ ಬಂದವರ ಒದೆಗೆ ಆ ಗುಣ ಇದೆ ಎಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತು.

"ಅತ್ತಿ, ನಾನೂ ಹಂಗ ಹುಟ್ಟಿದಾಕಿರಿ."

ಆ ನೋವಿನಲ್ಲೂ ಎದ್ದು ಕುಣಿಯಬೇಕೆನಿಸಿತು. "ಹಂಗಾರ ಲಗೂ ಒದಿ!"

"ಹಂಗ ಒದಿಯಾಕ ಬರಂಗಿಲ್ರಿ. ಮೊದಲ ಟೊಂಕ ಹದಕ್ಕ ಬರಬೇಕು. ಶನಿವಾರ ಒದೀತೇನಿ. ಅಲ್ಲೀತನಕ ನಾ ಹೇಳಿದ್ದು ಮಾಡ್ರಿ."

ಒದೆಗಾಗಿ ವ್ರತವನ್ನೇ ಹಿಡಿದೆ. ಅಂಗಾತ ಮಲಗಿ ಮೊಣಕಾಲುಗಳನ್ನು ಎದೆಗೆ ಎಳೆದುಕೊಂಡೆ, ಎಡಕ್ಕೂ ಬಲಕ್ಕೂ ಮೆಲ್ಲಗೆ ವಾಲಿಸಿದೆ. ಮೊದಲು ಗೇಟಿನ ತನಕ ನಡೆದೆ, ಆಮೇಲೆ ಓಣಿಯ ಕೊನೆಯ ತನಕ. ಸಂಜೆ ರಜನಿ ಬಿಸಿ ಶಾಖ ಕೊಟ್ಟು, ಎಣ್ಣೆ ಹಚ್ಚಿ ನೀವುತ್ತಿದ್ದಳು. ಶನಿವಾರ ಕಿಟಕಿಗಳನ್ನೆಲ್ಲ ಮುಚ್ಚಿದೆ. ಸೊಸೆಯಿಂದ ಒದೆಸಿಕೊಂಡ ಸುದ್ದಿ ಜಯಾಳ ಕಿವಿಗೆ ಬಿದ್ದರೆ ಗೆದ್ದರೂ ಮಾನ ಉಳಿಯುತ್ತಿರಲಿಲ್ಲ. ರಜನಿ ಹಿಮ್ಮಡಿ ಸೋಕಿಸಿದಳೋ ಇಲ್ಲವೋ, ತಕ್ಷಣ ನನ್ನ ಕಾಲಿಗೆ ಬಿದ್ದು ನಮಸ್ಕಾರ ಮಾಡಿದಳು. ಎದ್ದು ನಿಂತೆ. ನೋವೇ ಇಲ್ಲ!

ರವಿವಾರ ರಜನಿಯ ತಾಯಿ ಉಮಾಶ್ರೀ ಸ್ಪರ್ಧೆ ನೋಡಲು ಲಕಮನಹಳ್ಳಿಯಿಂದ ಬಂದಿದ್ದರು. ಸಾಲಿನಲ್ಲಿ ನಿಂತುಕೊಂಡೇ ಅವರ ಕಿವಿಯಲ್ಲಿ ಹೇಳಿದೆ: "ನಿಮ್ಮ ಮಗಳು ಕಾಲು ಮುಂದ ಮಾಡಿ ಹುಟ್ಟಿದ್ದು ನನ್ನ ಪುಣ್ಯಾರಿ."

"ರಜನಿ ಎಲ್ಲೇರಿ? ಹಂಗ ಹುಟ್ಟಿದಾವ ಆಕಿ ಅಣ್ಣ ಶಿವಯೋಗೀಶ. ಈಕಿ ಎಲ್ಲಾರಂಗ ತಲಿ ಮುಂದ ಮಾಡೇ ಬಂದಾಳ!"

ಸೀಟಿ ಊದಿಯೇ ಬಿಟ್ಟರು.

ಹಾಗಾದರೆ ನಿನ್ನೆ ತಿಂದದ್ದು ಬರೀ ಒದೆ! ಈಗ ಹಿಡಿಯುತ್ತದೆ, ಈಗ ಹಿಡಿಯುತ್ತದೆ ಎಂದು ಟೊಂಕವನ್ನೇ ಕಾಯುತ್ತ ನಡೆದೆ. ಜಯಾ ಮುಂದೆ ಹೋದಳು. ಮೈದಾನದ ತಿರುವು ಬಂತು, ಟೊಂಕ ಹಿಡಿಯಲಿಲ್ಲ. ಬೇಕೆಂದೇ ಹೆಜ್ಜೆ ಬಿರುಸು ಮಾಡಿದೆ, ಆಗಲೂ ಹಿಡಿಯಲಿಲ್ಲ. ಆಗ ಹೊಳೆಯಿತು. ಒದೆ ಸುಳ್ಳಾದರೆ ಟೊಂಕ ನೆಟ್ಟಗೆ ಮಾಡಿದ್ದು ಯಾರು? ನೆಲದ ಮೇಲೆ ಹೊರಳಾಡಿದವಳು ನಾನು, ಓಣಿ ಅಳೆದವಳು ನಾನು! ಎಲ್ಲಿತ್ತೋ ಆ ಹುರುಪು! ಜಯಾಳ ಜಡೆ ಹತ್ತಿರ ಬಂತು, ಅವಳ ಏದುಸಿರು ಪಕ್ಕದಲ್ಲೇ ಕೇಳಿತು, ಆಮೇಲೆ ಅದೂ ಹಿಂದೆ ಬಿತ್ತು. ಮಗ ಕುಮಾರಸ್ವಾಮಿ "ನಡಿಯವ್ವಾ, ನಡಿ!" ಎಂದು ಗಂಟಲು ಹರಿದುಕೊಳ್ಳುತ್ತಿದ್ದ. ರಿಬ್ಬನ್ ನನ್ನ ಎದೆಗೇ ತಾಗಿತು. ಗೆದ್ದೆ!

ರಜನಿ ಹೆದರುತ್ತಲೇ ಬಂದಳು. ಅವಳ ತಾಯಿ ಎಲ್ಲವನ್ನೂ ಹೇಳಿದ್ದರೆಂದು ಮುಖ ನೋಡಿದರೇ ತಿಳಿಯುತ್ತಿತ್ತು.

"ಸುಳ್ಳು ಹೇಳಿ ಅತ್ತೀನ ಒದ್ದೀಯಲ್ಲ!" ಗದರಿದೆ. "ಖರೇ ಹೇಳಾಕ ಏನಾಗಿತ್ತು?"

"ಮೊದಲ ಖರೇನ ಹೇಳಿದ್ನಲ್ರಿ ಅತ್ತಿ. ಒದಿ ಕೇಳಿದವ್ರು ನೀವು."

ನನಗೇ ನಗು ಬಂತು. ಜಯಾಳೂ ನೋಡುತ್ತಿದ್ದಳು, ನೋಡಲಿ ಎಂದು ಸೊಸೆಯನ್ನು ಗಟ್ಟಿಯಾಗಿ ತಬ್ಬಿಕೊಂಡೆ.