ಜಬೀವುಲ್ಲಾ ಮೇಷ್ಟ್ರ ಮುಖ

"ನಿಮ್ ಮುಖಾನೇ ನಮ್ಗೆ ಗೈಡ್ ಆಗೋಗಿದೆ ಸರ್! ಇನ್ನು ಎಂಜಿನ್ ಯಾರು ನೋಡ್ತಾರೆ?"

"ಏನಮ್ಮಾ ನಸ್ರೀನ್, ಮುಖ ಕಿತ್ತು ಮನೇಲಿಟ್ಟು ಬರ್ಲಾ? ಇವತ್ತು ನಾನು ತುಟಿ ಪಿಟಕ್ ಅಂದಿಲ್ಲ!"

"ತುಟಿ ಯಾಕೆ ಬೇಕು ಸರ್, ಕಣ್ಣಿಲ್ವಾ? ಲೇ ಸೈಫ್, ಹೆಂಗೆ ಗೊತ್ತಾಯ್ತು ಅಂತ ನೀನೇ ಹೇಳೋ!"

ಸೈಫ್ ಗ್ರೀಸಿನ ಕೈ ಒರೆಸಿಕೊಳ್ಳುತ್ತಾ ಹಲ್ಲು ಕಿರಿದ. "ಸರ್ ಎಲ್ಲಾ ಕಡೆ ನೋಡಿದ್ರು. ಏರ್ ಫಿಲ್ಟರ್ ಕಡೆ ಮಾತ್ರ ಅಪ್ಪಿತಪ್ಪಿನೂ ನೋಡ್ಲಿಲ್ಲ. ಬಿಚ್ಚಿದೆ. ಒಳಗೆ ಬಟ್ಟೆ ಉಂಡೆ ಸಿಕ್ತು."

ಜಬೀವುಲ್ಲಾ ಮೇಷ್ಟ್ರಿಗೆ ಮೈಯೆಲ್ಲ ಉರಿಯಿತು. ಆ ಬಟ್ಟೆ ತುರುಕಿ ಎಂಜಿನ್ ಕೆಡಿಸಿಟ್ಟವರು ಅವರೇ. ಕೆಡಿಸಿದ್ದನ್ನು ಹುಡುಗರು ಹುಡುಕಬೇಕಿತ್ತು. ಹುಡುಗರು ಅವರನ್ನೇ ಹುಡುಕಿಬಿಟ್ಟಿದ್ದರು.

ಕಡೂರು ಬೀರೂರು ರಸ್ತೆಯ ಆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಹೋದ ವರ್ಷದವರೆಗೂ ಇಂಥ ಗೋಳಿರಲಿಲ್ಲ. ಮೇಷ್ಟ್ರು ನೋಟ್ಸ್ ಹೇಳುತ್ತಿದ್ದರು, ಹುಡುಗರು ಬರೆದುಕೊಳ್ಳುತ್ತಿದ್ದರು. ಅವರ ನೋಟ್ಸ್ ಓದಿದವನು ಫೇಲಾದದ್ದಿಲ್ಲ. ಓದಿದವನು ಒಂದು ಎಂಜಿನ್ ಶುರು ಮಾಡಿದ್ದೂ ಇಲ್ಲ. ಈ ವರ್ಷ ವಿಭಾಗದ ಮುಖ್ಯಸ್ಥೆಯಾಗಿ ಬಂದ ಯಶೋಧರಾ ಮೇಡಂ ನೋಟ್ಸು ಬಂದ್ ಮಾಡಿಸಿದರು. ಎಂಜಿನ್ ಕೆಡಿಸಿ ಕೊಡಿ, ಹುಡುಗರು ತಾವೇ ದೋಷ ಕಂಡುಹಿಡಿದು ಓಡಿಸಲಿ. ತಂಡಕ್ಕೆ ಮೂರು ಅವಕಾಶ. ಮೇಷ್ಟ್ರು ಹೇಳಿಕೊಟ್ಟರೆ ಆ ಅವಕಾಶ ಹೋದಂತೆ. ಮೂರು ಅವಕಾಶವೂ ಹೋದರೆ ಮುಂದಿನ ವರ್ಷ ಜೂನಿಯರ್‌ಗಳ ಜೊತೆ ಮತ್ತೆ ಕೂರಬೇಕು.

ನಸ್ರೀನ್, ಸೈಫ್, ಸುರೇಶ್, ಈ ಮೂವರದು ಒಂದು ತಂಡ. ಮೊದಲ ಸಲ ಸುರೇಶ ತಪ್ಪು ನಟ್ಟಿಗೆ ಸ್ಪ್ಯಾನರ್ ಹಾಕಿದ್ದೇ ತಡ, ಮೇಷ್ಟ್ರು "ನಾಝಲ್ ನೋಡೋ ಕತ್ತೇ!" ಎಂದು ಕಿರುಚಿ ಅವಕಾಶ ಕಳೆದಿದ್ದರು. ಅವರ ಜಾಯಮಾನವೇ ಹಾಗೆ. ತರೀಕೆರೆಯ ಮನೆಯಲ್ಲಿ ಶಿರೀನ್ ತಾಜ್ ಟಿವಿ ಹಾಕುವ ಮೊದಲು ಗಂಡನನ್ನು ಹೊರಗೆ ಕಳಿಸುತ್ತಿದ್ದರು. ಇಲ್ಲದಿದ್ದರೆ ಕೊಲೆ ಮಾಡಿದವನು ಯಾರೆಂದು ಇವರು ಮೊದಲೇ ಕೂಗಿಬಿಡುತ್ತಿದ್ದರು.

ಗಲಾಟೆ ಕೇಳಿ ಯಶೋಧರಾ ಮೇಡಂ ವರ್ಕ್‌ಶಾಪಿಗೆ ಬಂದರು. "ಏನಾಯ್ತು? ಸಿಕ್ತಾ?"

ಸೈಫ್ "ಸಿಕ್ತು ಮೇಡಂ" ಎನ್ನುವಷ್ಟರಲ್ಲಿ ನಸ್ರೀನ್ ಅಡ್ಡ ಬಂದಳು. "ಇಲ್ಲ ಮೇಡಂ. ಸರ್ ಮುಖ ನೋಡಿ ಹೇಳಿದ್ವಿ. ಈ ಎರಡನೇದೂ ಲೆಕ್ಕಕ್ಕೆ ಬೇಡ."

"ಲೇ ಮಾರಾಯ್ತಿ, ಹೇಳ್ಬೇಕಿತ್ತಾ?" ಸೈಫ್ ತಲೆ ಚಚ್ಚಿಕೊಂಡ. "ಪಾಸಾಗ್ತಿದ್ವಲ್ಲೇ!"

"ಪಾಸಾಗಿ ಏನ್ ಮಾಡ್ಲಿ? ಅಜ್ಜಂಪುರದಲ್ಲಿ ನಮ್ ಮಾಮು ತೋಟದ ಪಂಪಿನ ಎಂಜಿನ್ ನಿಂತಾಗೆಲ್ಲ 'ಎಂಜಿನಿಯರಮ್ಮ ಬಂದ್ಲು, ದಾರಿ ಬಿಡ್ರೋ' ಅಂತ ನಗಾಡ್ತಾರೆ. ನಾನು ಹೋಗಿ ಪಕ್ಕದಲ್ಲಿ ನಿಂತ್ಕೊಂಡು ಟಾರ್ಚ್ ಹಿಡೀತೀನಿ. ನಾಲ್ಕು ವರ್ಷ ಓದಿ ಟಾರ್ಚ್ ಹಿಡಿಯೋದಾ? ನಂಗೆ ಕೆಲ್ಸ ಬರ್ಬೇಕು ಕಣೋ!"

ಮೇಷ್ಟ್ರು ಬಟ್ಟೆ ಉಂಡೆ ಎತ್ತಿ ಜೇಬಿಗೆ ತುರುಕಿಕೊಂಡರು. "ನಡೀರಿ ಆಚೆಗೆ ಎಲ್ರೂ," ಎಂದರು. "ಕೊನೇದು ಈಗ್ಲೇ ಆಗ್ಲಿ."

ಎಲ್ಲರೂ ಹೊರಗೆ ಹೋದ ಮೇಲೆ ಮೇಷ್ಟ್ರು ಡೀಸೆಲ್ ಟ್ಯಾಂಕಿನ ಮುಚ್ಚಳ ತೆಗೆದರು. ಗಾಳಿಯಾಡಲೆಂದು ಅದರಲ್ಲಿ ಸೂಜಿಮೊನೆಯಷ್ಟು ತೂತು. ಅದಕ್ಕೆ ಸೋಪು ಮೆತ್ತಿ ಮುಚ್ಚಿದರು. ಇನ್ನು ಎಂಜಿನ್ ಶುರುವಾಗುತ್ತದೆ, ಒಂದಷ್ಟು ಹೊತ್ತು ಓಡುತ್ತದೆ, ಒಳಗೆ ಗಾಳಿ ಹೋಗದೆ ಡೀಸೆಲ್ ಇಳಿಯುವುದು ನಿಂತು ತಾನೂ ನಿಲ್ಲುತ್ತದೆ. ಒಳ್ಳೊಳ್ಳೆಯವರೂ ಎಂಜಿನ್ನನ್ನೆಲ್ಲ ಬಿಚ್ಚಿ ಹರಡಿ ಕೂರುವಂಥ ಚೇಷ್ಟೆ ಅದು.

ಹುಡುಗರು ಬಂದರು. ಸುರೇಶ ಹ್ಯಾಂಡಲ್ ಹಾಕಿ ತಿರುಗಿಸಿದ. ಎಂಜಿನ್ ಓಡಿತು, ಗೊರಗೊರ ಎಂದಿತು, ನಿಂತಿತು. ಮೂರು ತಲೆಗಳೂ ಮೇಷ್ಟ್ರ ಕಡೆ ತಿರುಗಿದವು. ಸ್ಟೂಲಿನ ಮೇಲೆ ಕೂತ ಮೇಡಂ ಮುಖದಲ್ಲಿ ಓದಲು ಏನೂ ಸಿಗುವಂತಿರಲಿಲ್ಲ.

ಮೇಷ್ಟ್ರು ಗೋಡೆಗೆ ಮುಖ ಮಾಡಿ ನಿಂತರು. ಸುರೇಶ ಪಂಪಿನ ನಟ್ಟು ಮುಟ್ಟಿದ.

"ಅದಲ್ಲ ಬಿಡೋ," ಎಂದ ಸೈಫ್. "ಸರ್ ಕತ್ತು ಒಳಕ್ಕೆ ಹೋಯ್ತು."

"ಸರ್!" ನಸ್ರೀನ್ ಅಳುವಂತಾದಳು.

"ಏನ್ ಸರ್ರು? ಗೋಡೆ ತೂರ್ಕೊಂಡು ಹೋಗ್ಲೇನಮ್ಮಾ?" ಎಂದು ಅಬ್ಬರಿಸಿದರು. ಆಮೇಲೆ ಚಪ್ಪಲಿ ಸದ್ದು ಮಾಡುತ್ತಾ ಬಾಗಿಲು ದಾಟಿ, ಗೇಟು ದಾಟಿ, ವರ್ಕ್‌ಶಾಪಿನ ಕಾಂಪೌಂಡಿಗೆ ಒತ್ತಿಕೊಂಡಿದ್ದ ಹುಲಿಯಮ್ಮನ ಟೀ ಅಂಗಡಿಗೆ ಬಂದು ಬೆಂಚಿನ ಮೇಲೆ ಧೊಪ್ಪನೆ ಕೂತರು.

"ಏನ್ ಸಾರ್, ಕ್ಲಾಸಿಲ್ವಾ?"

"ಐತೆ ಕಣಮ್ಮ. ನಾನಿಲ್ಲ."

ಗೋಡೆಯಾಚೆ ಎಂಜಿನ್ ಓಡಿತು, ನಿಂತಿತು. ಮತ್ತೆ ಓಡಿತು, ನಿಂತಿತು. ಮೇಷ್ಟ್ರಿಗೆ ಕೂರಲಾಗಲಿಲ್ಲ. ಕೊನೆಗೆ ಹುಲಿಯಮ್ಮನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದರು. "ಮುಚ್ಚಳದ ತೂತು ಮುಚ್ಚೋಗೈತೆ ಕಣಮ್ಮ!"

ಹುಲಿಯಮ್ಮ ಗಾಬರಿಯಿಂದ ಹಾಲಿನ ಪಾತ್ರೆಯ ಮುಚ್ಚಳ ಎತ್ತಿ ತಿರುಗಿಸಿ ನೋಡಿದಳು. "ಇದ್ರಲ್ಲಿ ತೂತೇ ಇಲ್ವಲ್ಲ ಸಾರ್."

ಮೇಷ್ಟ್ರು ನಗು ತಡೆಯಲಾರದೆ ಟೀ ಚೆಲ್ಲಿಕೊಂಡರು. ಅಷ್ಟರಲ್ಲಿ ಗೋಡೆಯಾಚೆಯಿಂದ ನಸ್ರೀನಳ ದನಿ ಕೇಳಿಸಿತು.

"ಅರ್ಧ ಟ್ಯಾಂಕ್ ಡೀಸೆಲ್ ಇದೆಯಲ್ಲೋ ಸುರೇಶ, ಮತ್ಯಾಕೆ ಸುರೀತೀಯ?"

"ಸುರಿದಾಗೆಲ್ಲ ಓಡ್ತೈತಲ್ಲ ಕಣೇ!"

"ಸುರಿದಿದ್ದಕ್ಕೆ ಓಡುತ್ತಾ, ಮುಚ್ಚಳ ತೆಗೆದಿದ್ದಕ್ಕೆ ಓಡುತ್ತಾ?"

ಗೋಡೆಯಾಚೆ ಮುಚ್ಚಳ ತಿರುಗಿಸುವ ಸದ್ದು. ಮೇಷ್ಟ್ರ ಕೈಯ ಲೋಟ ತುಟಿಯ ಹತ್ತಿರವೇ ನಿಂತುಬಿಟ್ಟಿತು.

"ಸೋಪು!" ಎಂದು ಚೀರಿದ ಸೈಫ್. "ಲೇ, ಸೋಪು ಮೆತ್ತವ್ರೆ ಕಣೇ!"

ಹ್ಯಾಂಡಲ್ ತಿರುಗಿತು. ಎಂಜಿನ್ ಹಿಡಿಯಿತು. ಓಡಿತು, ಓಡಿತು, ಓಡುತ್ತಲೇ ಇತ್ತು. ಸಿಳ್ಳೆ, ಕೇಕೆ, ತಗಡು ಬಡಿಯುವ ಸದ್ದು. ಎಲ್ಲದರ ಮೇಲೆ ನಸ್ರೀನಳ ಗಂಟಲು: "ಯಾರೂ ಹೇಳ್ಲಿಲ್ಲ ಮೇಡಂ! ಯಾರೂ ಹೇಳ್ಲಿಲ್ಲ!"

ಮೇಷ್ಟ್ರು ದಿಗ್ಗನೆ ಎದ್ದು ಗೇಟಿನ ಕಡೆ ಓಡುವಂತೆ ನಡೆದರು. ಆ ತೂತು ಯಾಕಿರುತ್ತದೆ, ಗಾಳಿಯ ಒತ್ತಡ ಎಂದರೇನು, ಬೈಕಿನ ಟ್ಯಾಂಕಿನಲ್ಲಿ ಇದೇ ದೋಷ ಹೇಗೆ ಬರುತ್ತದೆ, ಎಲ್ಲವೂ ಆಗಲೇ ನಾಲಿಗೆಯ ಮೇಲೆ ಸಾಲುಗಟ್ಟಿತ್ತು. ಗೇಟಿನ ಹತ್ತಿರ ಕಾಲು ತಾನಾಗಿ ನಿಂತಿತು. ಈಗ ಒಳಗೆ ಹೋದರೆ ಆ ಹುಡುಗಿಯ ಸಂತೋಷವೂ ನೋಟ್ಸ್ ಆಗಿಹೋಗುತ್ತದೆ.

ಬೀರೂರಿನ ಕಡೆ ಹೊರಟ ತರೀಕೆರೆ ಬಸ್ಸು ಹಾರ್ನ್ ಹೊಡೆಯುತ್ತಾ ಬಂತು. ಮೇಷ್ಟ್ರು ಕೈ ಅಡ್ಡ ಹಾಕಿದರು.

"ಸಾರ್, ನಿಮ್ ಬ್ಯಾಗು? ಊಟದ ಡಬ್ಬಿ?" ಎಂದು ಕೂಗಿದಳು ಹುಲಿಯಮ್ಮ.

"ಇರ್ಲಿ ಬಿಡಮ್ಮ!" ಎಂದು ಫುಟ್‌ಬೋರ್ಡ್ ಹತ್ತಿದರು. ತಿರುಗಿ ನೋಡಲಿಲ್ಲ. ನೋಡಿದ್ದರೆ ಇಳಿದುಬಿಡುತ್ತಿದ್ದರು.